ನಾಳೆಯೂ ಇರುವ ಕಾಯಿಲೆ

ಸ್ಟೇಸಿಗೆ ಹನ್ನೆರಡು ವರ್ಷ. ನ್ಯೂಯಾರ್ಕಿನಿಂದ ಕನೆಕ್ಟಿಕಟ್ ರಾಜ್ಯದ ಸಣ್ಣ ಊರೊಂದಕ್ಕೆ ಹೊಸದಾಗಿ ಬಂದವಳು. ಅವಳಿಗೆ ಟೈಪ್ 1 ಡಯಾಬಿಟಿಸ್ ಇದೆ. ದಿನವೂ ಇನ್ಸುಲಿನ್ ಚುಚ್ಚಿಕೊಳ್ಳಬೇಕು, ಬಾಯಿಗೆ ಹೋಗುವ ತುತ್ತು ತುತ್ತಿಗೂ ಲೆಕ್ಕ ಇಡಬೇಕು. ಇದೆಲ್ಲಕ್ಕೂ ಅವಳು ಹೊಂದಿಕೊಂಡಿದ್ದಾಳೆ. ಹೊಂದಿಕೊಳ್ಳಲಾಗದೆ ಒದ್ದಾಡುತ್ತಿರುವವರು ಅಪ್ಪ ಅಮ್ಮ. ಅವರು ಮಗಳನ್ನು ಒಬ್ಬ ವೈದ್ಯರಿಂದ ಇನ್ನೊಬ್ಬರ ಬಳಿಗೆ ಸುತ್ತಿಸುತ್ತಲೇ ಇದ್ದಾರೆ. ಈಗ ಯಾರೋ ಹೇಳಿದರೆಂದು, ಪವಾಡ ಮಾಡುತ್ತಾನೆನ್ನುವ ಇನ್ನೊಬ್ಬನ ಹತ್ತಿರ ಹೊರಟಿದ್ದಾರೆ. ಸ್ಟೇಸಿ ತಾನು ನೋಡಿಕೊಳ್ಳುವ ಪುಟ್ಟ ಹುಡುಗಿಯ ತಾಯಿ, ಸ್ವತಃ ವೈದ್ಯೆ, ಅವರ ಸಹಾಯ ಕೇಳುತ್ತಾಳೆ. ನಂಬಿಕಸ್ಥ ತಜ್ಞರೊಬ್ಬರ ಅಪಾಯಿಂಟ್‌ಮೆಂಟ್ ಪಡೆದು ಅಪ್ಪ ಅಮ್ಮನನ್ನು ತಾನೇ ಅಲ್ಲಿಗೆ ಕರೆದೊಯ್ಯುತ್ತಾಳೆ. ಈಗಿನ ಚಿಕಿತ್ಸೆಯೇ ಸರಿ, ಅದನ್ನೇ ಮುಂದುವರಿಸಿ ಎಂದು ಆ ವೈದ್ಯರು ಹೇಳುತ್ತಾರೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ, ಹುಡುಗಿ ಸಾಯುವುದೂ ಇಲ್ಲ.

ಇದು ಆನ್ ಎಂ. ಮಾರ್ಟಿನ್ ಅವರ ‘ದ ಬೇಬಿ-ಸಿಟರ್ಸ್ ಕ್ಲಬ್’ ಸರಣಿಯ ಮೂರನೆಯ ಪುಸ್ತಕ ‘ದ ಟ್ರೂತ್ ಅಬೌಟ್ ಸ್ಟೇಸಿ’. ಪ್ರಕಟವಾದದ್ದು 1986ರಲ್ಲಿ. ಶಾಲಾ ಮಕ್ಕಳು ಓದಿ ಪಕ್ಕಕ್ಕಿಡುವ ತೆಳು ಪುಸ್ತಕ ಎಂದು ವಿಮರ್ಶಕರು ಇದರ ಬಗ್ಗೆ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಆದರೆ ದೊಡ್ಡ ಹೆಸರಿನ ಎಷ್ಟೋ ಕಾದಂಬರಿಗಳಿಗೆ ದಕ್ಕದ ಒಂದು ಸತ್ಯ ಈ ಪುಟ್ಟ ಪುಸ್ತಕಕ್ಕೆ ದಕ್ಕಿದೆ: ಕಾಯಿಲೆ ನಾಳೆಯೂ ಇರುತ್ತದೆ, ಹುಡುಗಿಯೂ ಇರುತ್ತಾಳೆ. ಯಾರೋ ಹೇಳಿದರೆಂದು ಮಗುವಿನ ಔಷಧಿ ನಿಲ್ಲಿಸಿ ಬೇರೆ ದಾರಿ ಹಿಡಿಯುವ ಹೆತ್ತವರು ನಮ್ಮಲ್ಲೂ ಕಡಿಮೆಯಿಲ್ಲ. ಟೈಪ್ 1ರಲ್ಲಿ ಮೇದೋಜೀರಕ ಗ್ರಂಥಿಯ ಇನ್ಸುಲಿನ್ ತಯಾರಿಸುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶ ಮಾಡಿರುತ್ತದೆ. ಹೊರಗಿನಿಂದ ಕೊಡುವ ಇನ್ಸುಲಿನ್ ನಿಂತರೆ ಮಗು ಉಳಿಯುವುದಿಲ್ಲ. ಹನ್ನೆರಡರ ಹುಡುಗಿ ತನ್ನ ದೇಹದ ಬಗ್ಗೆ ಹೆತ್ತವರಿಗಿಂತ ಚೆನ್ನಾಗಿ ತಿಳಿದಿರಬಹುದು, ಅದನ್ನು ಮರ್ಯಾದೆಯಿಂದ ಹೇಳಲೂಬಹುದು ಎಂದು ತೋರಿಸಿಕೊಟ್ಟ ಕಥೆ ಇದು.

ಟೈಪ್ 1 ಇರುವ ಹದಿಹರೆಯ ಎಂಬುದೇ ವೈದ್ಯಕೀಯ ನಮಗೆ ಕೊಟ್ಟ ಹೊಸ ವಸ್ತು. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ಕಾಯಿಲೆ ಬಂದ ಮಗುವಿಗೆ ಊಟ ಕಡಿತಗೊಳಿಸಿ ಸಾವನ್ನು ಸ್ವಲ್ಪ ಮುಂದೂಡುವುದಷ್ಟೇ ಸಾಧ್ಯವಿತ್ತು. 1922ರ ಜನವರಿಯಲ್ಲಿ ಟೊರಾಂಟೊ ನಗರದ ಆಸ್ಪತ್ರೆಯಲ್ಲಿ ಮೊದಲ ಇನ್ಸುಲಿನ್ ಇಂಜೆಕ್ಷನ್ ಪಡೆದ ಲಿಯೊನಾರ್ಡ್ ಥಾಂಪ್ಸನ್ ಹದಿನಾಲ್ಕರ ಹುಡುಗ. ಅದೇ ವರ್ಷ ಅಮೆರಿಕದ ವಿದೇಶಾಂಗ ಸಚಿವರ ಮಗಳು ಎಲಿಜಬೆತ್ ಹ್ಯೂಸ್ ಟೊರಾಂಟೊಗೇ ಬಂದಳು. ಎಲುಬಿನ ಗೂಡಾಗಿ ಬಂದ ಹುಡುಗಿ ಇನ್ಸುಲಿನ್ ಬಲದಿಂದ ಚೇತರಿಸಿಕೊಂಡು, ಓದಿ, ಮದುವೆಯಾಗಿ, ಮಕ್ಕಳನ್ನು ಹೆತ್ತು 1981ರವರೆಗೆ ಬದುಕಿದಳು. ತನಗೆ ಡಯಾಬಿಟಿಸ್ ಇದೆ ಎಂಬುದನ್ನು ಮಾತ್ರ ಜೀವನವಿಡೀ ಹೆಚ್ಚುಕಡಿಮೆ ಎಲ್ಲರಿಂದಲೂ ಮುಚ್ಚಿಟ್ಟಳು. ಸ್ಟೇಸಿ ಕೂಡ ನ್ಯೂಯಾರ್ಕಿನ ಪ್ರಾಣಸ್ನೇಹಿತೆಯಿಂದ ಮುಚ್ಚಿಟ್ಟದ್ದು ಇದನ್ನೇ. ವೈದ್ಯಕೀಯ ಆಯುಷ್ಯ ಕೊಟ್ಟಿತು. ಆ ಆಯುಷ್ಯವನ್ನು ಹೇಗೆ ಕಳೆಯುವುದು, ಯಾರಿಗೆ ಹೇಳುವುದು, ಯಾರಿಗೆ ಬಿಡುವುದು ಎಂಬುದನ್ನು ಕಥೆ ಹೇಳಬೇಕಿತ್ತು. ಕಥೆ ಬಹಳ ಕಾಲ ಹಿಂದೆಯೇ ಉಳಿಯಿತು.

ಹಿಂದಿನ ಮಕ್ಕಳ ಸಾಹಿತ್ಯವನ್ನೇ ನೋಡಿ. 1872ರ ‘ವಾಟ್ ಕೇಟಿ ಡಿಡ್’ ಕಾದಂಬರಿಯ ಕೇಟಿ ಉಯ್ಯಾಲೆಯಿಂದ ಬಿದ್ದು ವರ್ಷಗಟ್ಟಲೆ ಹಾಸಿಗೆ ಹಿಡಿಯುತ್ತಾಳೆ, ಮಲಗಿದಲ್ಲೇ ತಾಳ್ಮೆ ಕಲಿಯುತ್ತಾಳೆ, ಕಲಿತಾದ ಮೇಲೆ ಎದ್ದು ನಡೆಯುತ್ತಾಳೆ. ‘ಹೈಡಿ’ಯ ಕ್ಲಾರಾ ಆಲ್ಪ್ಸ್ ಬೆಟ್ಟದ ಗಾಳಿ ಕುಡಿದು ಗಾಲಿಕುರ್ಚಿ ಬಿಡುತ್ತಾಳೆ. 1911ರ ‘ದ ಸೀಕ್ರೆಟ್ ಗಾರ್ಡನ್’ ಕಾದಂಬರಿಯ ಕಾಲಿನ್ ತೋಟದ ನಡುವೆ ತನ್ನ ಕಾಲ ಮೇಲೆ ನಿಲ್ಲುತ್ತಾನೆ. ‘ಲಿಟ್ಲ್ ವಿಮೆನ್’ನ ಬೆತ್ ಅಷ್ಟು ಒಳ್ಳೆಯವಳಾದದ್ದಕ್ಕೋ ಎಂಬಂತೆ ತೀರಿಕೊಳ್ಳುತ್ತಾಳೆ. ವಾಸಿಯಾಗಬೇಕು, ಇಲ್ಲವೇ ಹೋಗಿಬಿಡಬೇಕು. ಮೂರನೆಯ ದಾರಿ ಅಲ್ಲಿಲ್ಲ. ಇವು ಸುಂದರ ಪುಸ್ತಕಗಳು, ನಾನೂ ಮನಸೋತು ಓದಿದವೇ. ಆದರೆ ಮನಸ್ಸು ಶುದ್ಧವಾದರೆ ಮೈ ಸರಿಹೋಗುತ್ತದೆ ಎಂಬ ಮಾತು ಇವುಗಳ ಒಳಗೆಲ್ಲ ಹರಿಯುತ್ತಿರುತ್ತದೆ. ಎಷ್ಟು ಒಳ್ಳೆಯವನಾಗಿದ್ದರೂ ಸರಿಹೋಗದ ಮೈಯಿರುವ ಮಗು ಇದನ್ನು ಓದಿ ತನ್ನಲ್ಲೇ ಏನೋ ಕೊರತೆಯಿದೆ ಎಂದುಕೊಂಡರೆ ತಪ್ಪು ಯಾರದು?

ಆ ಮೂರನೆಯ ದಾರಿಯನ್ನು ಬೇಗ ಕಂಡವರಲ್ಲಿ ಜೂಡಿ ಬ್ಲೂಮ್ ಒಬ್ಬರು. ಅವರ ‘ಡೀನಿ’ 1973ರದು. ಹದಿಮೂರರ ಡೀನಿ ಸುಂದರಿ. ಅವಳನ್ನು ಮಾಡೆಲ್ ಮಾಡಬೇಕೆಂಬುದು ಅಮ್ಮನ ಹಟ. ಅಷ್ಟರಲ್ಲಿ ಅವಳ ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತಿರುವುದು ಗೊತ್ತಾಗುತ್ತದೆ. ಸ್ಕೋಲಿಯೋಸಿಸ್. ಮೈ ಬೆಳೆಯುವ ವಯಸ್ಸಿನಲ್ಲೇ ಬಾಗು ಹೆಚ್ಚುವ ತೊಂದರೆ ಇದು. ಸೊಂಟದಿಂದ ಗದ್ದದವರೆಗೆ ಮೈಯನ್ನು ಹಿಡಿದಿಡುವ ಲೋಹದ ಪಟ್ಟಿಗಳ ಬ್ರೇಸನ್ನು ಅವಳು ನಾಲ್ಕು ವರ್ಷ ತೊಡಬೇಕು. ಬ್ಲೂಮ್ ಇಲ್ಲಿ ಕಣ್ಣೀರಿನ ಬೆನ್ನು ಹತ್ತುವುದಿಲ್ಲ. ಬ್ರೇಸ್ ಬಟ್ಟೆಯನ್ನು ಹರಿಯುತ್ತದೆ, ಮೈಗೆ ಉಜ್ಜುತ್ತದೆ, ಇದ್ದ ಉಡುಪುಗಳೊಂದೂ ಹಿಡಿಸುವುದಿಲ್ಲ. ಕೋಪ ಬಂದ ದಿನ ಡೀನಿ ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಾಳೆ. ಅಂಗವಿಕಲ ಮಕ್ಕಳ ಬಸ್ಸಿಗೆ ಅರ್ಜಿ ತುಂಬು ಎಂದು ಶಾಲೆಯವರು ಕಾಗದ ಕೊಟ್ಟಾಗ ಅವಳಿಗೆ ಆಘಾತವಾಗುತ್ತದೆ. ನಾನು ಅವರಲ್ಲೊಬ್ಬಳೇ? ಇಸುಬು ಇದೆಯೆಂದು ತಾನು ದೂರವಿಟ್ಟಿದ್ದ ಸಹಪಾಠಿಯ ಹತ್ತಿರ ಅವಳು ಹೋಗುವುದು ಆಮೇಲೆಯೇ. ಕಾದಂಬರಿ ಮುಗಿದಾಗಲೂ ಬ್ರೇಸ್ ಅವಳ ಮೈಮೇಲೆ ಇರುತ್ತದೆ.

ಆದರೆ ಮಾರುಕಟ್ಟೆ ಹಿಡಿದದ್ದು ಬೇರೆ ದಾರಿ. ಎಂಬತ್ತರ ದಶಕದಲ್ಲಿ ಲರ್ಲೀನ್ ಮೆಕ್‌ಡೇನಿಯಲ್ ಅವರ ‘ಸಿಕ್ಸ್ ಮಂತ್ಸ್ ಟು ಲಿವ್’ ಮಾದರಿಯ ಕಾದಂಬರಿಗಳು ಹದಿಹರೆಯದ ಹುಡುಗಿಯರ ಕೈಯಿಂದ ಕೈಗೆ ಓಡಾಡಿದವು. 2012ರಲ್ಲಿ ಜಾನ್ ಗ್ರೀನ್ ಅವರ ‘ದ ಫಾಲ್ಟ್ ಇನ್ ಅವರ್ ಸ್ಟಾರ್ಸ್’ ಬಂದ ಮೇಲಂತೂ ಕಾಯಿಲೆಯ ಪ್ರೇಮಕಥೆಗಳಿಗೆ ಹೆದ್ದಾರಿಯೇ ತೆರೆಯಿತು. 2014ರಲ್ಲಿ ಹಾಲಿವುಡ್ ಸಿನಿಮಾ, 2020ರಲ್ಲಿ ಜಮ್ಶೆಡ್‌ಪುರಕ್ಕೆ ಬಂದಿಳಿದ ಅದರ ಹಿಂದಿ ರೂಪ ‘ದಿಲ್ ಬೇಚಾರಾ’. ಅದು ನಟ ಸುಶಾಂತ್ ಸಿಂಗ್ ರಜಪೂತ್ ಅವರ ಕೊನೆಯ ಚಿತ್ರವಾದದ್ದರಿಂದ ನಮ್ಮಲ್ಲಿ ಅತ್ತವರ ಲೆಕ್ಕವಿಲ್ಲ. ಇಂಥ ಪುಸ್ತಕಗಳು ಮಕ್ಕಳ ಮನಸ್ಸಿಗೆ ಕೆಡುಕು ಎಂದು ಬ್ರಿಟನ್ನಿನ ಪತ್ರಿಕೆಯೊಂದು 2013ರಲ್ಲಿ ಗುಲ್ಲೆಬ್ಬಿಸಿತು. ಮಕ್ಕಳು ಸಾವಿನ ಬಗ್ಗೆ ಓದಬಾರದು ಎಂಬ ವಾದದಲ್ಲಿ ನನಗೆ ಹುರುಳು ಕಾಣುವುದಿಲ್ಲ. ನನ್ನ ತಕರಾರೇ ಬೇರೆ.

ಗ್ರೀನ್ ಅವರ ಕಾದಂಬರಿಯನ್ನು ಜನ ಸಾವಿನ ಕಥೆಯೆಂದು ನೆನಪಿಟ್ಟುಕೊಂಡಿದ್ದಾರೆ. ಅದರಲ್ಲಿ ಸಾಯುವವನು ಪ್ರೇಮಿ ಆಗಸ್ಟಸ್. ಕಥೆ ಹೇಳುವ ಹದಿನಾರರ ಹೇಜಲ್ ಕೊನೆಯ ಪುಟದಲ್ಲೂ ಬದುಕಿದ್ದಾಳೆ. ಅವಳ ಥೈರಾಯ್ಡ್ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದೆ. ಗ್ರೀನ್ ಅವಳಿಗಾಗಿ ಇಲ್ಲದ ಔಷಧಿಯೊಂದನ್ನು ಕಲ್ಪಿಸಿಕೊಂಡರು. ಅದು ಗಡ್ಡೆಗಳನ್ನು ತೆಗೆಯುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಎಂದರೆ ಸಾಯುತ್ತಿದ್ದ ಹುಡುಗಿಯನ್ನು ಅವರು ದೀರ್ಘ ಕಾಯಿಲೆಯ ಹುಡುಗಿಯಾಗಿಸಿದರು. ಮೂಗಿನ ಕೊಳವೆ, ಎಳೆದುಕೊಂಡು ಓಡಾಡಬೇಕಾದ ಆಮ್ಲಜನಕದ ಸಿಲಿಂಡರ್, ಮೆಟ್ಟಿಲು ಹತ್ತುವಾಗಿನ ಏದುಸಿರು, ತಾನು ಹೋದ ಮೇಲೆ ಅಮ್ಮ ಏನಾಗುತ್ತಾಳೋ ಎಂಬ ಚಿಂತೆ: ಪುಸ್ತಕದ ಉಸಿರಿರುವುದು ಇವುಗಳಲ್ಲಿ. ಗ್ರೀನ್ ಹಿಂದೆ ಮಕ್ಕಳ ಆಸ್ಪತ್ರೆಯೊಂದರಲ್ಲಿ ರೋಗಿಗಳ ಕುಟುಂಬಗಳಿಗೆ ಸಾಂತ್ವನ ಹೇಳುವ ಕೆಲಸದಲ್ಲಿದ್ದವರು. ಥೈರಾಯ್ಡ್ ಕ್ಯಾನ್ಸರ್‌ನಿಂದ 2010ರಲ್ಲಿ ಹದಿನಾರನೆಯ ವಯಸ್ಸಿಗೆ ತೀರಿಕೊಂಡ ಎಸ್ತರ್ ಅರ್ಲ್ ಎಂಬ ಗೆಳತಿಗೆ ಪುಸ್ತಕವನ್ನು ಅರ್ಪಿಸಿದ್ದಾರೆ. ಆ ಹತ್ತಿರದ ಬಲ್ಲವಿಕೆ ಪುಟಪುಟದಲ್ಲೂ ಕಾಣುತ್ತದೆ. ಅನುಕರಿಸಿದವರು ಮಾತ್ರ ಆಗಸ್ಟಸ್‌ನ ಸಾವನ್ನು ಎತ್ತಿಕೊಂಡರು, ಹೇಜಲ್‌ಳ ಏದುಸಿರನ್ನು ಬಿಟ್ಟರು.

‘ಫೈವ್ ಫೀಟ್ ಅಪಾರ್ಟ್’ ಕಥೆಯನ್ನು ಸ್ವಲ್ಪ ನಿಂತು ನೋಡಬೇಕು. ಕಾದಂಬರಿ 2018ರದು, ಸಿನಿಮಾ 2019ರ ಮಾರ್ಚ್‌ನದು. ಸ್ಟೆಲ್ಲಾ ಮತ್ತು ವಿಲ್ ಇಬ್ಬರಿಗೂ ಸಿಸ್ಟಿಕ್ ಫೈಬ್ರೋಸಿಸ್. ಇದು ಆನುವಂಶಿಕ ಕಾಯಿಲೆ. ತಂದೆ ತಾಯಿ ಇಬ್ಬರೂ ದೋಷದ ಜೀನ್ ಹೊತ್ತಿದ್ದರೆ, ಅವರಿಗೆ ಏನೂ ಇಲ್ಲದಿದ್ದರೂ, ಪ್ರತಿ ಮಗುವಿಗೂ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಜೀವಕೋಶಗಳಿಂದ ಉಪ್ಪು ಮತ್ತು ನೀರು ಸರಿಯಾಗಿ ಸಾಗದೆ ಶ್ವಾಸಕೋಶದ ಲೋಳೆ ಅಂಟಂಟಾಗಿ ಗಟ್ಟಿಯಾಗುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೇರೂರುತ್ತದೆ. ಮೇದೋಜೀರಕದ ನಾಳಗಳೂ ಕಟ್ಟಿಕೊಳ್ಳುವುದರಿಂದ ತಿಂದದ್ದು ಮೈಗೆ ಹತ್ತುವುದಿಲ್ಲ. ಈ ಕಾಯಿಲೆಯ ಇಬ್ಬರು ಪರಸ್ಪರ ಆರು ಅಡಿ ದೂರವಿರಬೇಕು, ಏಕೆಂದರೆ ಒಬ್ಬರ ಎದೆಯ ಸೋಂಕು ಇನ್ನೊಬ್ಬರಿಗೆ ಮಾರಕವಾಗಬಹುದು. ವಿಲ್‌ನ ಎದೆಯಲ್ಲಿ ಬಿ. ಸೆಪೇಸಿಯಾ ಎಂಬ ಬಗ್ಗದ ಬ್ಯಾಕ್ಟೀರಿಯಾ ಇದೆ. ಅದು ಸ್ಟೆಲ್ಲಾಗೆ ತಗುಲಿದರೆ ಶ್ವಾಸಕೋಶ ಕಸಿಯ ಆಸೆಯನ್ನು ಅವಳು ಬಿಡಬೇಕು. ಆ ಆರು ಅಡಿಯಲ್ಲಿ ಒಂದಡಿಯನ್ನು ಕಾಯಿಲೆಯಿಂದ ಮರಳಿ ಕಸಿದುಕೊಳ್ಳುತ್ತೇನೆ ಎಂದು ಸ್ಟೆಲ್ಲಾ ಹಟ ತೊಡುತ್ತಾಳೆ. ಬಿಲಿಯರ್ಡ್ಸ್ ಕೋಲಿನ ಎರಡು ತುದಿ ಹಿಡಿದು ಇಬ್ಬರೂ ನಡೆಯುತ್ತಾರೆ.

ಈ ಕಥೆಯ ಮೊದಲರ್ಧ ನನಗೆ ತುಂಬ ಹಿಡಿಸಿತು. ಸ್ಟೆಲ್ಲಾ ಔಷಧಿಗಳನ್ನು ಸಾಲಾಗಿ ಜೋಡಿಸುವುದು, ಕಫ ಸಡಿಲಿಸಲು ಎದೆಗೆ ತೊಡುವ ನಡುಗುವ ಜಾಕೆಟ್, ಹೊಟ್ಟೆಗೆ ನೇರ ಆಹಾರ ಕೊಡುವ ಕೊಳವೆ, ಅದರ ಸುತ್ತ ಕೆಂಪಾದ ಚರ್ಮ. ಚಿಕಿತ್ಸೆಯೇ ಆ ಹುಡುಗಿಯ ಪಾಲಿಗೆ ಪೂರ್ಣಾವಧಿಯ ದುಡಿಮೆ. ಆದರೆ ಉತ್ತರಾರ್ಧದಲ್ಲಿ ಕಥೆ ಹಿಮದಲ್ಲಿ ಓಡಿ, ಕೆರೆಗೆ ಬಿದ್ದು, ಕಣ್ಣೀರಿನ ಸಿನಿಮಾ ಆಗಿಬಿಡುತ್ತದೆ. ನಿಯಮ ಮುರಿಯುವುದನ್ನೇ ಪ್ರೇಮದ ಸಾಹಸ ಮಾಡಿದ್ದನ್ನು ಈ ಕಾಯಿಲೆ ಇರುವ ಹಲವರು ಬಹಿರಂಗವಾಗಿ ಆಕ್ಷೇಪಿಸಿದರು. ಅದು ನ್ಯಾಯವಾದ ಆಕ್ಷೇಪ. ಚಿತ್ರಕ್ಕೆ ಸಲಹೆ ಕೊಟ್ಟಿದ್ದ ಕ್ಲೇರ್ ವೈನ್‌ಲ್ಯಾಂಡ್ ಎಂಬ ಯುವತಿಗೂ ಇದೇ ಕಾಯಿಲೆ ಇತ್ತು. ಅವರು 2018ರ ಸೆಪ್ಟೆಂಬರಿನಲ್ಲಿ, ಶ್ವಾಸಕೋಶ ಕಸಿಯ ನಂತರ, 21ನೆಯ ವಯಸ್ಸಿಗೆ ತೀರಿಕೊಂಡರು. ಸಿನಿಮಾ ನೋಡಲು ಅವರಿರಲಿಲ್ಲ.

ಸಿನಿಮಾ ಬಂದ ಏಳು ತಿಂಗಳಿಗೆ, 2019ರ ಅಕ್ಟೋಬರಿನಲ್ಲಿ, ಟ್ರೈಕಾಫ್ಟಾ ಎಂಬ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಲಕ್ಷಣಗಳಿಗೆ ಮದ್ದು ಹಾಕುವ ಬದಲು ಕೆಟ್ಟ ಪ್ರೋಟೀನನ್ನೇ ಸರಿಯಾಗಿ ಕೆಲಸ ಮಾಡುವಂತೆ ಮಾಡುವ ಔಷಧಿ ಅದು. ಅಲ್ಲಿನ ಬಹುಪಾಲು ರೋಗಿಗಳಿಗೆ ಒಪ್ಪುವಂಥದ್ದು. ಕಸಿಗಾಗಿ ಕಾಯುತ್ತಿದ್ದವರು ಕಾಲೇಜಿಗೆ ಹೋದರು, ಮುಪ್ಪಿನ ಬಗ್ಗೆ ಯೋಚಿಸತೊಡಗಿದರು. ವರ್ಷಕ್ಕೆ ಮೂರು ಲಕ್ಷ ಡಾಲರಿಗೂ ಮಿಕ್ಕ ಬೆಲೆ, ಜೀನ್‌ನ ಎಲ್ಲ ರೂಪಾಂತರಗಳಿಗೂ ಕೆಲಸ ಮಾಡದ ಮಿತಿ, ಬಡ ದೇಶಗಳಿಗೆ ಎಟುಕದ ದೂರ ಎಲ್ಲವೂ ಇವೆ. ಔಷಧಿ ಹೆಚ್ಚಾಗಿ ಕೆಲಸ ಮಾಡುವ ಆ ಒಂದು ರೂಪಾಂತರ ಭಾರತದ ರೋಗಿಗಳಲ್ಲಿ ಅಲ್ಲಿಯಷ್ಟು ಸಾಮಾನ್ಯವೂ ಅಲ್ಲ. ಆದರೂ, ಸಾಯಲು ತಯಾರಾಗಿ ಬೆಳೆದ ಹುಡುಗ ಹುಡುಗಿಗೆ ಇದ್ದಕ್ಕಿದ್ದಂತೆ ನಲವತ್ತು ವರ್ಷ ಕೊಟ್ಟರೆ ಏನಾಗುತ್ತದೆ? ಓದು ಬೇಕೆಂದು ಅನಿಸಿರಲಿಲ್ಲ, ಉಳಿತಾಯ ಮಾಡಿರಲಿಲ್ಲ, ಮದುವೆಯ ಮಾತನ್ನು ಮನಸ್ಸಿನಿಂದ ತೆಗೆದುಹಾಕಿಯಾಗಿತ್ತು. ಇಂಥ ವಸ್ತುವನ್ನು ಕಾದಂಬರಿಕಾರರು ಬಾಚಿ ತಬ್ಬಿಕೊಳ್ಳಬೇಕು.

ಕಥೆ ವೈದ್ಯಕೀಯಕ್ಕಿಂತ ಹಿಂದುಳಿದರೆ ಆಗುವ ಕೆಡುಕಿಗೆ ನಿಕೋಲಾ ಯೂನ್ ಅವರ ‘ಎವರಿಥಿಂಗ್, ಎವರಿಥಿಂಗ್’ ಉದಾಹರಣೆ. 2015ರಲ್ಲಿ ಬಂದ ಈ ಕಾದಂಬರಿಯ ಹದಿನೆಂಟರ ಮ್ಯಾಡಿ ಹುಟ್ಟಿನಿಂದ ಮನೆಯ ಹೊರಗೆ ಕಾಲಿಟ್ಟಿಲ್ಲ, ದೇಹಕ್ಕೆ ರೋಗನಿರೋಧಕ ಶಕ್ತಿಯೇ ಇಲ್ಲದ ಎಸ್‌ಸಿಐಡಿ ಇದೆಯೆಂದು. ಕೊನೆಗೆ ಗೊತ್ತಾಗುವುದು ಅವಳಿಗೆ ಕಾಯಿಲೆಯೇ ಇರಲಿಲ್ಲ, ಅದು ತಾಯಿಯ ಮನೋವ್ಯಾಧಿಯ ಕಲ್ಪನೆ ಎಂದು. ಹುಡುಗಿ ಪ್ರೀತಿ ಮಾಡಿ ಸುಖವಾಗಿ ಬಾಳಬೇಕಾದರೆ ಕಾಯಿಲೆ ಸುಳ್ಳಾಗಲೇಬೇಕು ಎಂಬ ತರ್ಕ ಅದರೊಳಗೆ ಕೂತಿದೆ. ಅಂಥ ದೇಹವಿರುವ ಓದುಗಿಗೆ ಅದು ಕಪಾಳಕ್ಕೆ ಹೊಡೆದಂತೆ.

ಅದೇ 2015ರ ಜನವರಿಯಲ್ಲಿ, ನಿಜವಾಗಿಯೂ ಎಸ್‌ಸಿಐಡಿಯೊಂದಿಗೆ ಹುಟ್ಟಿದ ಆಯಿಷಾ ಚೌಧರಿ ಎಂಬ ದೆಹಲಿಯ ಹುಡುಗಿ 18ನೆಯ ವಯಸ್ಸಿಗೆ ತೀರಿಕೊಂಡಳು. ಕೂಸಾಗಿದ್ದಾಗಲೇ ಲಂಡನ್ನಿನಲ್ಲಿ ಅಸ್ಥಿಮಜ್ಜೆಯ ಕಸಿಯಾಗಿತ್ತು. ಈ ಚಿಕಿತ್ಸೆ 1968ರಿಂದಲೇ ಜಗತ್ತಿಗೆ ಗೊತ್ತಿದೆ. ಹದಿಹರೆಯದಲ್ಲಿ ಶ್ವಾಸಕೋಶ ಗಟ್ಟಿಯಾಗುವ ಪಲ್ಮನರಿ ಫೈಬ್ರೋಸಿಸ್ ಬಂತು. ಅವಳು ಗಾಜಿನ ಮನೆಯಲ್ಲಿ ಕೂರಲಿಲ್ಲ. ಶಾಲೆಗೆ ಹೋದಳು, ವೇದಿಕೆಗಳಲ್ಲಿ ಮಾತಾಡಿದಳು, ‘ಮೈ ಲಿಟ್ಲ್ ಎಪಿಫನೀಸ್’ ಎಂಬ ಪುಸ್ತಕ ಬರೆದಳು. 2019ರ ‘ದ ಸ್ಕೈ ಈಸ್ ಪಿಂಕ್’ ಹಿಂದಿ ಚಿತ್ರ ಅವಳ ಕುಟುಂಬದ್ದೇ ಕಥೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದರಲ್ಲಿ ಹುಡುಗಿ ಇದ್ದಾಳೆ, ಯಾವುದರಲ್ಲಿ ಬರೀ ಕಾಯಿಲೆಯ ಹೆಸರಿದೆ ಎಂಬುದು ತಾನಾಗಿ ಕಾಣುತ್ತದೆ.

ಈ ಬಗೆಯ ಪುಸ್ತಕಗಳಲ್ಲಿ ಒಂದನ್ನು ಮಾತ್ರ ಆರಿಸು ಎಂದರೆ ನಾನು ಹ್ಯಾನಾ ಮೊಸ್ಕೊವಿಟ್ಜ್ ಅವರ ‘ಸಿಕ್ ಕಿಡ್ಸ್ ಇನ್ ಲವ್’ ತೆಗೆದುಕೊಡುತ್ತೇನೆ. 2019ರ ಕಾದಂಬರಿ. ನ್ಯೂಯಾರ್ಕಿನ ಇಸಬೆಲ್‌ಗೆ ಸಂಧಿವಾತ. ಸಾಶಾಗೆ ಗೋಶೆ ಎಂಬ ಅಪರೂಪದ ಕಾಯಿಲೆ. ಕಿಣ್ವವೊಂದರ ಕೊರತೆಯಿಂದ ಗುಲ್ಮ ಊದಿಕೊಳ್ಳುತ್ತದೆ, ರಕ್ತಹೀನತೆ ಬರುತ್ತದೆ, ಎಲುಬು ನೋಯುತ್ತದೆ. ಇಬ್ಬರೂ ಭೇಟಿಯಾಗುವುದು ಡ್ರಿಪ್ ಹಾಕಿಸಿಕೊಳ್ಳುವ ಕೋಣೆಯಲ್ಲಿ. ಇಬ್ಬರೂ ಸಾಯುವುದಿಲ್ಲ, ವಾಸಿಯೂ ಆಗುವುದಿಲ್ಲ. ಹಾಗಾದರೆ ಇನ್ನೂರು ಮುನ್ನೂರು ಪುಟ ನಡೆಯುವುದೇನು? ಇಸಬೆಲ್ ನೋವು ಮುಚ್ಚಿಟ್ಟು ಗೆಳತಿಯರ ಜೊತೆ ನಡೆಯುತ್ತಾಳೆ. ನಿಧಾನ ನಡೆಯಿರಿ ಎನ್ನಲು ಬಾಯಿ ಬರುವುದಿಲ್ಲ. ಹೊರಗೆ ಏನೂ ಕಾಣದ ಕಾರಣ, ತನಗಿರುವುದು ನಿಜವಾದ ಕಾಯಿಲೆಯೇ, ಅಷ್ಟು ದೊಡ್ಡದೇ ಎಂದು ಅವಳಿಗೇ ಅನುಮಾನ. ಸಾಶಾನ ಮುಂದೆ ಮಾತ್ರ ಅವಳು ಇವತ್ತು ಆಗುತ್ತಿಲ್ಲ ಎಂದು ಹೇಳಬಲ್ಲಳು. ಕಾದಂಬರಿಯ ಪ್ರೇಮ ಹುಟ್ಟುವುದೇ ಅಲ್ಲಿ. ಇವತ್ತು ಆಗುತ್ತಿಲ್ಲ ಎಂಬ ಒಂದು ಮಾತನ್ನು ಯಾವ ವಿವರಣೆಯೂ ಇಲ್ಲದೆ ಹೇಳಬಹುದಾದ ಜಾಗದಲ್ಲಿ. ಮೊಸ್ಕೊವಿಟ್ಜ್ ಸ್ವತಃ ದೀರ್ಘ ಕಾಯಿಲೆಯೊಂದಿಗೆ ಬದುಕುತ್ತಿರುವವರು. ಹದಿಮೂರನೆಯ ವಯಸ್ಸಿನಿಂದ ಸಂಧಿವಾತ ಇರುವ ಕ್ಯಾರಲ್ ರೂತ್ ಸಿಲ್ವರ್‌ಸ್ಟೀನ್ ಬರೆದ ‘ಕರ್ಸ್ಡ್’ ಕಾದಂಬರಿಗೆ 2020ರಲ್ಲಿ ಅಮೆರಿಕದ ಗ್ರಂಥಾಲಯ ಸಂಘದ ಷ್ನೈಡರ್ ಕುಟುಂಬ ಪ್ರಶಸ್ತಿ ಬಂತು. ಅಂಗವೈಕಲ್ಯದ ಅನುಭವವನ್ನು ಕಿರಿಯ ಓದುಗರಿಗಾಗಿ ಚೆನ್ನಾಗಿ ಬರೆದವರಿಗೆಂದೇ ಇರುವ ಪ್ರಶಸ್ತಿ ಅದು. ಅನುಭವಿಸಿದವರೇ ಬರೆಯಬೇಕೆಂಬ ಕಟ್ಟುಪಾಡು ಬೇಡ. ಆದರೆ ಅನುಭವಿಸಿದವರು ಬರೆದಾಗ ಕೀಲಿನ ನೋವು ಬೆಳಗ್ಗೆ ಒಂದು ಥರ, ಸಂಜೆ ಒಂದು ಥರ ಇರುತ್ತದೆ.

ಕನ್ನಡದಲ್ಲಿ? ವೈದ್ಯೆಯಾಗಿದ್ದ ಅನುಪಮಾ ನಿರಂಜನ ‘ಕೇಳು ಕಿಶೋರಿ’ ಬರೆದು ಹದಿಹರೆಯದ ಹುಡುಗಿಯರ ಜೊತೆ ಅವರ ಮೈಯ ಬಗ್ಗೆ ಸಂಕೋಚವಿಲ್ಲದೆ ಮಾತಾಡಿದರು. ಮನೆಮನೆಯಲ್ಲಿ ಓದಿದ ಪುಸ್ತಕ ಅದು. ತಾವೇ ಕ್ಯಾನ್ಸರಿನೊಂದಿಗೆ ಸೆಣಸಿ 1991ರಲ್ಲಿ ತೀರಿಕೊಂಡರು. ಆ ಪುಸ್ತಕ ಹಿರಿಯಕ್ಕನ ಕಿವಿಮಾತು. ಕಿಶೋರಿಯೇ ಮಾತಾಡುವ, ದೀರ್ಘ ಕಾಯಿಲೆಯ ಕಿಶೋರಿಯೇ ನಾಯಕಿಯಾಗಿರುವ ಕನ್ನಡ ಕಾದಂಬರಿಗಾಗಿ ನಾನು ಕಪಾಟು ಹುಡುಕಿದರೆ ಕೈಗೆ ಸಿಗುವುದು ತೀರಾ ಕಡಿಮೆ.

ವಸ್ತುವಿಗೆ ಬರವಿಲ್ಲ. ಟೈಪ್ 1 ಇರುವ ಹುಡುಗಿಯನ್ನು ನೋಡಿ. ಹದಿಹರೆಯದಲ್ಲಿ ಮೈಯ ಹಾರ್ಮೋನುಗಳು ಇನ್ಸುಲಿನ್ನಿನ ಪರಿಣಾಮವನ್ನು ಕುಗ್ಗಿಸುತ್ತವೆ. ನಿನ್ನೆಯವರೆಗೆ ಸಾಕಾಗುತ್ತಿದ್ದ ಡೋಸ್ ಇವತ್ತು ಸಾಲದು, ಶುಗರ್ ಏರುತ್ತದೆ. ಮಗಳು ಕದ್ದು ಏನೋ ತಿಂದಿದ್ದಾಳೆ ಎಂದು ತಾಯಿ ಶಂಕಿಸುತ್ತಾಳೆ. ತಿನ್ನದೆಯೂ ಬೈಸಿಕೊಂಡ ಹುಡುಗಿ ಮಾರನೆಯ ದಿನ ಸಿಟ್ಟಿಗೆ ತಿಂದೇ ತಿನ್ನುತ್ತಾಳೆ. ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ, ಇಷ್ಟು ಚಿಕ್ಕ ವಯಸ್ಸಿಗೆ ಶುಗರ್ರಾ ಎಂದು ಕೇಳುವ ದೊಡ್ಡಮ್ಮ, ಹುಡುಗಿಗೆ ಹೀಗಿದೆ ಅಂತ ಯಾರ ಹತ್ತಿರವೂ ಬಾಯಿ ಬಿಡಬೇಡ, ನಾಳೆ ಸಂಬಂಧ ಕೂಡಿಬರಬೇಕು ಎನ್ನುವ ಅಜ್ಜಿ. ಥಲಸ್ಸೇಮಿಯಾ ಇರುವ ಹುಡುಗ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳಬೇಕು. ಹಾಕಿದ ರಕ್ತದ ಕಬ್ಬಿಣ ಹೃದಯ, ಯಕೃತ್ತು, ಗ್ರಂಥಿಗಳಲ್ಲಿ ಕೂಡುತ್ತ ಹೋಗುತ್ತದೆ. ಅದನ್ನು ತೆಗೆಯಲು ನಿತ್ಯ ಮಾತ್ರೆ. ಮಾತ್ರೆ ತಪ್ಪಿದರೆ ಎತ್ತರ ನಿಲ್ಲುತ್ತದೆ, ಮೀಸೆ ತಡವಾಗುತ್ತದೆ. ಹತ್ತನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಏಳನೇ ಕ್ಲಾಸಿನವನಂತೆ ಮುಂದಿನ ಸಾಲಿನಲ್ಲಿ ಕೂರಬೇಕಾದವನಿಗೆ ಏನನ್ನಿಸುತ್ತದೆ ಎಂಬುದು ಯಾವ ವೈದ್ಯಕೀಯ ವರದಿಯಲ್ಲೂ ಬರುವುದಿಲ್ಲ.

ಕಾನೂನು ಇವರನ್ನು ಗುರುತಿಸಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಥಲಸ್ಸೇಮಿಯಾ, ಹಿಮೋಫಿಲಿಯಾ, ಸಿಕಲ್ ಸೆಲ್ ಮೂರೂ ಇವೆ. ಟೈಪ್ 1 ಇರುವ ಮಕ್ಕಳು ಪರೀಕ್ಷಾ ಕೊಠಡಿಗೆ ತಿಂಡಿ ಒಯ್ಯಲು ಸಿಬಿಎಸ್‌ಇ 2017ರಲ್ಲಿ ಒಪ್ಪಿತು.

ಇನ್ನು ಗುರುತಿಸಬೇಕಾದದ್ದು ಕಥೆ. ಕನ್ನಡದ ಕಥೆಗಾರರಲ್ಲಿ ನನ್ನ ಬೇಡಿಕೆ ಇಷ್ಟೇ. ಈ ಮಕ್ಕಳ ಬಗ್ಗೆ ಬರೆಯುವಾಗ ಕೊನೆಯ ಅಧ್ಯಾಯದಲ್ಲಿ ಕೊಲ್ಲಬೇಡಿ, ಪವಾಡದಿಂದ ಗುಣಪಡಿಸಲೂಬೇಡಿ. ರಕ್ತ ಹಾಕಿಸಿಕೊಳ್ಳಲು ಬಂದು ಇಡೀ ದಿನ ಮಂಚದ ಮೇಲೆ ಕೂತಿರುವ ಹುಡುಗರ ಹತ್ತಿರ ಹೋಗಿ, ಕಾಯಿಲೆಯ ವಿಷಯ ಬಿಟ್ಟು ಬೇರೆ ಮಾತಾಡಿ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳಿ. ಪ್ರಕಾಶಕರು ಹಸ್ತಪ್ರತಿಯನ್ನು ಅಚ್ಚಿಗೆ ಕೊಡುವ ಮೊದಲು ಆ ಕಾಯಿಲೆಯೊಂದಿಗೆ ಬೆಳೆದ ಒಬ್ಬರಿಗಾದರೂ ಓದಲು ಕೊಡಲಿ. ಇದನ್ನು ಓದುತ್ತಿರುವ ನಿನಗೆ ಹದಿನಾರು ವಯಸ್ಸಾಗಿ, ಬ್ಯಾಗಿನಲ್ಲಿ ಇನ್ಸುಲಿನ್ ಪೆನ್ ಇದ್ದರೆ, ನಮಗಾಗಿ ಕಾಯಬೇಡ. ನೀನೇ ಬರೆ.